ಠಸ್ಸೆಯ ಕೆಳಗೆ ದೊಡ್ಡಹುಣಸೆ

ಬನ್ನಿ ಎಲೆಯನ್ನು ಪಾಕೀಟಿಗೆ ಹಾಕುವುದಕ್ಕೂ ಒಂದು ಹದ ಇದೆ. ಹಸಿ ಇದ್ದಾಗಲೇ ಹಾಕಿದರೆ ಎಲೆಯ ನೀರು ಕಾಗದಕ್ಕೆ ಇಳಿದು ಅಕ್ಷರ ಕದಡುತ್ತವೆ. ತೀರಾ ಒಣಗಿಸಿದರೆ ಪುಟ್ಟ ಪುಟ್ಟ ಎಸಳುಗಳೆಲ್ಲ ಉದುರಿ, ತೆರೆದವರ ಕೈಗೆ ಬರೀ ಕಡ್ಡಿ ಸಿಗುತ್ತದೆ. ದಶಮಿಯ ಸಂಜೆ ಅಪ್ಪ ಸೀಮೆ ದಾಟಿ ಹೋಗಿ ಬನ್ನಿ ಮುಡಿದು ಬಂದ ಮೇಲೆ ಅವ್ವ ಆ ಹಿಡಿಯಲ್ಲಿ ಎರಡು ಚೊಲೋ ಕಡ್ಡಿ ಆರಿಸುತ್ತಿದ್ದಳು. ಅವನ್ನು ಹಳೆಯ ಪಂಚಾಂಗದ ನಡುವೆ ಇಟ್ಟು, ಮೇಲೆ ಹಿಟ್ಟಿನ ಡಬ್ಬಿ ಹೇರುತ್ತಿದ್ದಳು. ಒಂದು ರಾತ್ರಿ, ಒಂದು ಹಗಲು. ಏಕಾದಶಿಯ ಸಂಜೆಗೆ ಎಲೆ ಬಾಡಿರುತ್ತಿತ್ತು, ಬಣ್ಣ ಬಿಟ್ಟಿರುತ್ತಿರಲಿಲ್ಲ. ಅದು ಟಪಾಲಿಗೆ ಸಿದ್ಧವಾದ ಬನ್ನಿ.

ಹೋಗಬೇಕಾದದ್ದು ಸೊಲ್ಲಾಪುರಕ್ಕೆ, ನನ್ನ ಸೋದರತ್ತೆಯ ಮನೆಗೆ. ಬನ್ನಿ ಕೊಡುವಾಗ ಎದುರಿದ್ದವರಿಗೆ ಆಡುವ ಮಾತನ್ನೇ ಅಪ್ಪ ಪತ್ರದ ಮೊದಲ ಸಾಲಾಗಿ ಬರೆಯುತ್ತಿದ್ದರು: ಬನ್ನಿ ತೊಗೊಂಡು ಬಂಗಾರದಂಗ ಇರೋಣು. ಹಬ್ಬ ಮುಗಿದ ಮೇಲೆ ಮುಟ್ಟುವ ಬನ್ನಿಗೆ ಬೆಲೆ ಇದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ನಮ್ಮ ಮನೆಯ ಲೆಕ್ಕದಲ್ಲಿ ಶೀಗೆ ಹುಣ್ಣಿಮೆಯವರೆಗೆ ಬನ್ನಿ ಬನ್ನಿಯೇ. ಅಷ್ಟರೊಳಗೆ ಅತ್ತೆಯಿಂದ ಮರುಟಪಾಲು ಬರುತ್ತಿತ್ತು. ಅದರೊಳಗೆ ಇರುತ್ತಿದ್ದದ್ದು ಆಪಟೆಯ ಎಲೆ; ದನದ ಗೊರಸಿನ ಹಾಗೆ ನಡುವೆ ಸೀಳಿದ, ದಪ್ಪನೆಯ ಎಲೆ. ಆ ಕಡೆ ದಸರೆಗೆ ಚಿನ್ನವೆಂದು ಕೈಯಿಂದ ಕೈಗೆ ಕೊಡುವುದು ಅದನ್ನೇ. ನಮ್ಮ ಚಿನ್ನ ಅಲ್ಲಿಗೆ ಹೋಗಿ ಅವರ ಚಿನ್ನ ಇಲ್ಲಿಗೆ ಬರುತ್ತಿತ್ತು. ಎರಡೂ ಸೇರಿ ಐದು ಗ್ರಾಂ ತೂಗುತ್ತಿರಲಿಲ್ಲ.

ಸಂಕ್ರಾಂತಿಯದು ಬೇರೆ ಕಷ್ಟ. ಆಗ ಹೋಗಬೇಕಾದದ್ದು ಕುಸುರೆಳ್ಳು. ಅದನ್ನು ಮಾಡಿದವರಿಗೆ ಗೊತ್ತು: ಸಣ್ಣ ಉರಿಯ ಮೇಲೆ ಅಗಲ ತಾಟು, ಅದರಲ್ಲಿ ಎಳ್ಳು, ಮೇಲೆ ಚಮಚದಿಂದ ಹನಿ ಹನಿಯಾಗಿ ಸಕ್ಕರೆಯ ಪಾಕ, ಬೆರಳ ತುದಿಯಿಂದ ಬಿಡದೆ ಆಡಿಸುವುದು. ಎರಡು ಮೂರು ದಿನ ಹೀಗೆ ಕೂತರೆ ಎಳ್ಳಿನ ಮೈತುಂಬ ಮುಳ್ಳು ಏಳುತ್ತವೆ. ಮುಳ್ಳು ಎಷ್ಟು ಚೂಪೋ ಮಾಡಿದವಳ ಕೈ ಅಷ್ಟು ಹದ. ಅಂಥ ಹತ್ತಿಪ್ಪತ್ತು ಕಾಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಪಾಕೀಟಿನೊಳಗೆ ಇಟ್ಟರೆ, ದಾರಿಯಲ್ಲಿ ಎಲ್ಲೋ ಒಂದು ಕಡೆ ಠಸ್ಸೆಯ ಪೆಟ್ಟು ಅದರ ಮೇಲೇ ಬಿದ್ದು ಕಾಳು ಪುಡಿಯಾಗುತ್ತಿತ್ತು. ಅತ್ತೆ ಬರೆಯುತ್ತಿದ್ದಳು: ಎಳ್ಳು ಮುಟ್ಟಿದುವು, ಸಕ್ಕರಿ ಆಗಿ ಮುಟ್ಟಿದುವು. ಕಡೆಗೆ ಅವ್ವ ಒಂದು ಉಪಾಯ ಹುಡುಕಿದಳು. ತಿಕೀಟು ಬಲಗಡೆಯ ಮೇಲಿನ ಮೂಲೆಗಲ್ಲವೆ? ಠಸ್ಸೆ ಬೀಳುವುದು ಅಲ್ಲೇ. ಆದ್ದರಿಂದ ಪೊಟ್ಟಣ ಎಡಗಡೆಯ ಕೆಳಗಿನ ಮೂಲೆಗೆ, ಗೋಧಿ ಹಿಟ್ಟಿನ ಅಂಟು ಹಚ್ಚಿ, ಸರಿಯದ ಹಾಗೆ.

ನನಗೆ ತಿಕೀಟಿನ ಮೇಲೆ ಲಕ್ಷ್ಯ ಬಂದದ್ದು ಹೀಗೆ. ಎಳ್ಳು ಉಳಿಯಬೇಕಾದರೆ ತಿಕೀಟು ಎಲ್ಲಿ ಕೂಡಬೇಕು ಎಂದು ನೋಡುತ್ತ ನೋಡುತ್ತ, ಅದರ ಮೇಲೆ ಏನಿದೆ ಎಂದೂ ನೋಡತೊಡಗಿದೆ.

ಪೋಸ್ಟಿನ ಪಾಕೀಟಿಗೆ ತಿಕೀಟು ಅಚ್ಚಾಗಿಯೇ ಬರುತ್ತಿತ್ತು. ಅವ್ವನಿಗೆ ಹಬ್ಬಕ್ಕೆ ಅದು ಒಗ್ಗುತ್ತಿರಲಿಲ್ಲ. ಕಿರಾಣಿ ಅಂಗಡಿಯ ಬಿಳಿ ಪಾಕೀಟೇ ಆಗಬೇಕು, ನಾಲ್ಕು ಮೂಲೆಗೂ ಅರಿಷಿಣ ಹಚ್ಚಬೇಕು, ತಿಕೀಟು ಬೇರೆ ತಂದು ಅಂಟಿಸಬೇಕು. ಅರಿಷಿಣದ ಮೂಲೆ ನೋಡಿದರೆ ಶುಭ ಸುದ್ದಿ ಎಂದು ಓಣಿಯ ತುದಿಯಿಂದಲೇ ತಿಳಿಯುತ್ತಿತ್ತು. ಮೂಲೆ ಹರಿದ ಕಾರ್ಡು ಬಂದರೆ ಓದುವ ಮೊದಲೇ ಮನೆಯಲ್ಲಿ ಅಳು. ತಿಕೀಟು ತರುವ ಕೆಲಸ ನನ್ನದು. ಕಿಂಡಿಯ ಆಚೆ ಕೂತವರು ದಪ್ಪ ಪುಸ್ತಕದ ನಡುವಿನಿಂದ ಹಾಳೆ ತೆಗೆದು, ತೂತಿನ ಸಾಲಿನಗುಂಟ ಮಡಚಿ, ಒಂದನ್ನು ಹರಿದು ಕೊಡುತ್ತಿದ್ದರು. ಆಗಿನ ನಿತ್ಯದ ತಿಕೀಟುಗಳಲ್ಲಿ ಇರುತ್ತಿದ್ದದ್ದು ಮೀನು, ಕೋಳಿ, ಕಾಲುವೆಯ ನೀರು, ಕೈಮಗ್ಗ, ರಬ್ಬರ್ ಮರದ ಹಾಲು ಇಳಿಸುವ ಚಿತ್ರ. ದೇಶ ಕಟ್ಟುವ ಚಿತ್ರಗಳು. ಅವುಗಳಲ್ಲಿ ಒಂದು ಮಾತ್ರ ನನಗೆ ನಮ್ಮದೆನಿಸುತ್ತಿತ್ತು: ಒಂದು ರೂಪಾಯಿಯ ತಿಕೀಟಿನ ಮೇಲಿನ ಸಂಕರ ಹತ್ತಿ. ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಸಂಕರ ಹತ್ತಿಯ ತಳಿ ಕೊಟ್ಟ ಮೇಲೆ ನಮ್ಮ ಸೀಮೆಯ ಎರೆಹೊಲಗಳ ಮಾತೇ ಬದಲಾಗಿತ್ತು. ಹತ್ತಿಯ ಹೂವಿಗೆ ಹೂವು ಮುಟ್ಟಿಸುವ ಕೆಲಸಕ್ಕೆ ಹೋಗಿ ಬಂದ ಹೆಣ್ಣುಮಕ್ಕಳ ಹರಟೆ ನಮ್ಮ ಕಟ್ಟೆಯ ಮೇಲೂ ನಡೆಯುತ್ತಿತ್ತು. ಆ ತಿಕೀಟು ಕೈಗೆ ಬಂದ ದಿನ, ನಮ್ಮ ಹೊಲದ್ದೇ ಒಂದು ಬೊಂಡೆ ಸೊಲ್ಲಾಪುರಕ್ಕೆ ಹೊರಟಿದೆ ಎಂಬಂತೆ ನಾನು ಅದನ್ನು ಅಂಗೈಯಲ್ಲಿ ಹಿಡಿದು ಮನೆಗೆ ತಂದೆ.

ಆದರೂ ಅದು ಹತ್ತಿ. ಯಾವ ಊರಿನ ಹತ್ತಿಯೂ ಆಗಬಹುದು. ಪಾಕೀಟಿನ ಮೇಲೆ ನಮ್ಮೂರು ಸವಣೂರಿನ ಹೆಸರು ಕಾಣುತ್ತಿದ್ದದ್ದು ಒಂದೇ ಕಡೆ, ಕಪ್ಪು ಶಾಯಿಯ ದುಂಡು ಠಸ್ಸೆಯಲ್ಲಿ. ಅದೂ ಬಹಳ ಸಲ ಅರ್ಧ ಮೂಡಿ ಅರ್ಧ ಮೂಡದೆ. ಬನ್ನಿ ನಮ್ಮೂರ ಸೀಮೆಯದು, ಎಳ್ಳು ನಮ್ಮವ್ವನ ಕೈಯದು, ಅರಿಷಿಣ ನಮ್ಮ ಡಬ್ಬಿಯದು. ಹಬ್ಬ ಅನ್ನುವುದು ಎಲ್ಲಾದರೂ ಒಂದು ಊರಿನಲ್ಲೇ ಆಗುತ್ತದೆ. ಆ ಊರು ತಿಕೀಟಿನ ಮೇಲೂ ಇದ್ದರೆ ಎಷ್ಟು ಚಂದ ಎಂಬ ಆಸೆ ನನಗೆ ಆಗಲೇ ಹತ್ತಿತು, ಇಂದಿಗೂ ಬಿಟ್ಟಿಲ್ಲ.

ಇಲ್ಲಿ ಒಂದು ಮಾತು. ಮೈಸೂರು ಸೀಮೆಯವರು ಅಂಚೆ ಎನ್ನುವುದಕ್ಕೆ ನಾವು ಟಪಾಲು ಎನ್ನುತ್ತೇವೆ. ಅವರ ಅಂಚೆಗೆ ದೊಡ್ಡ ಇತಿಹಾಸವಿದೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರು ಮಾಡಿದ್ದು, 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿಹೋದದ್ದು. ನಾವು ಮುಂಬಯಿ ಕಡೆಯವರು, ನಮ್ಮ ನಾಲಗೆಗೆ ಮರಾಠಿಯ ಟಪಾಲು ಬಂದು ಕೂತಿತು. ಸವಣೂರು ತಾನೇ ಒಂದು ಸಂಸ್ಥಾನವಾಗಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಸುಮಾರು 70 ಚದರ ಮೈಲಿಯ ಸಂಸ್ಥಾನ, ನವಾಬರ ಊರು. 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ತಿರುವಾಂಕೂರಿನವರು ತಮ್ಮ ತಿಕೀಟಿನ ಮೇಲೆ ಶಂಖ ಹಾಕಿಕೊಂಡರು, ಜಯಪುರದವರು ಸೂರ್ಯನ ರಥ ಹಾಕಿಕೊಂಡರು. ನಮ್ಮ ನವಾಬರು ತಮ್ಮ ಹೆಸರಿನ ಅಂಚೆ ತಿಕೀಟು ಹೊರಡಿಸಲಿಲ್ಲ. ಹೊರಡಿಸಿದ್ದರೆ ಅದರ ಮೇಲೆ ಏನು ಬರುತ್ತಿತ್ತು? ಮೋತಿ ತಲಾಬದ ನೀರೋ, ಅರಮನೆಯ ಕಮಾನೋ, ಎಲೆಬಳ್ಳಿಯೋ ಎಂದು ಲೆಕ್ಕ ಹಾಕುತ್ತ ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ.

ಹಬ್ಬಕ್ಕೆ ತಂತಿ ಕೊಡುವ ಪದ್ಧತಿಯೂ ಇತ್ತು. ಶುಭಾಶಯದ ಸಾಲುಗಳಿಗೆ ತಂತಿ ಕಚೇರಿಯಲ್ಲಿ ನಂಬರು ಇರುತ್ತಿದ್ದವು. ನಂಬರು ಹೇಳಿದರೆ ಸಾಕು, ಪೂರಾ ಸಾಲು ಆಚೆ ಊರಲ್ಲಿ ಮೂಡುತ್ತಿತ್ತು. ದೀಪಾವಳಿಗೆ 1, ಈದಿಗೆ 2. ಸವಣೂರಿನಂಥ ಊರಿಗೆ ಆ ಪಟ್ಟಿ ಹೇಳಿ ಬರೆಸಿದಂತಿತ್ತು. ಸತ್ಯಬೋಧ ಸ್ವಾಮಿಗಳ ವೃಂದಾವನಕ್ಕೂ ನವಾಬರ ಮಸೀದಿಗೂ ಒಂದೇ ಸಂತೆಯಿಂದ ಹೂವು ಹೋಗುವ ಊರು ನಮ್ಮದು. 2013ರ ಜುಲೈನಲ್ಲಿ ತಂತಿ ನಿಂತಿತು. ಅಪ್ಪ ಆ ರಾತ್ರಿ ಊಟ ಮಾಡುತ್ತ, ಒಂದೂ ಹೋತು, ಎರಡೂ ಹೋತು, ಎಂದರು.

ನನ್ನ ಟ್ರಂಕಿನಲ್ಲಿ ಒಂದು ತಗಡಿನ ಡಬ್ಬಿ ಇದೆ. ಬಿಸ್ಕೀಟಿನ ಡಬ್ಬಿ. ಅದರೊಳಗೆ ನಮ್ಮ ನಾಡಿನ ಜಾಗಗಳು ಹಬ್ಬದ ನೆಪದಲ್ಲಿ ತಿಕೀಟಿಗೆ ಬಂದದ್ದನ್ನೆಲ್ಲ ಕೂಡಿಸಿ ಇಟ್ಟಿದ್ದೇನೆ. ಬಹಳ ಇಲ್ಲ. ಎಲ್ಲಕ್ಕಿಂತ ಹಿರಿಯದು ಅಜ್ಜನ ಕಾಗದಗಳ ಗಂಟಿನಿಂದ ಸಿಕ್ಕ ಆರು ಆಣೆಯದು: ಗೋಳಗುಮ್ಮಟ. 1949ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಹಬ್ಬದ ದಿನ, ಹದಿನಾರು ತಿಕೀಟುಗಳು ಒಟ್ಟಿಗೆ ಬಂದವು. ಸಾಂಚಿಯ ಸ್ತೂಪದಿಂದ ತಾಜಮಹಲಿನವರೆಗೆ ದೇಶದ ಕಲ್ಲುಕಟ್ಟಡಗಳೇ ಹೆಚ್ಚು. ಅವುಗಳ ನಡುವೆ ವಿಜಾಪುರಕ್ಕೂ ಒಂದು ಮನೆ ಸಿಕ್ಕಿತು. ಗೋಳಗುಮ್ಮಟ ನಮ್ಮೂರದಲ್ಲ, ನಿಜ. ಆದರೆ ಅದರ ನೆರಳು ನಮ್ಮೂರಿಗೆ ಬಿದ್ದಿದೆ. 1686ರಲ್ಲಿ ವಿಜಾಪುರ ಔರಂಗಜೇಬನ ಕೈಸೇರುವಾಗ ಒಪ್ಪಂದಕ್ಕೆ ನಿಂತ ಸರದಾರ ಅಬ್ದುಲ್ ರವೂಫ್ ಖಾನ್. ಆತನಿಗೆ ಸಿಕ್ಕ ಬಂಕಾಪುರದ ಜಹಗೀರಿಯಿಂದಲೇ ಸವಣೂರಿನ ನವಾಬಿಕೆ ಬೆಳೆದದ್ದು. ಆ ತಿಕೀಟನ್ನು ಬೆಳಕಿಗೆ ಹಿಡಿದಾಗಲೆಲ್ಲ, ಗುಮ್ಮಟದ ಹಿಂದೆ ಎಲ್ಲೋ ನಮ್ಮೂರಿಗೆ ಬರುವ ಹಾದಿಯೂ ಇದೆ ಎಂದು ನನಗನಿಸುತ್ತದೆ.

ಅದರ ಪಕ್ಕದಲ್ಲಿ ಗೊಮ್ಮಟ. 1981ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮೂರ್ತಿಗೆ ಸಾವಿರ ವರ್ಷ ತುಂಬಿ ಮಹಾಮಸ್ತಕಾಭಿಷೇಕ ನಡೆದಾಗ ಬಂದ ಒಂದು ರೂಪಾಯಿಯ ತಿಕೀಟು. ಹಬ್ಬವೂ ಜಾಗವೂ ಇಷ್ಟು ಸರಿಯಾಗಿ ಕೂಡಿಬಂದ ತಿಕೀಟು ನನ್ನ ಡಬ್ಬಿಯಲ್ಲಿ ಇನ್ನೊಂದಿಲ್ಲ. ಆ ಹಬ್ಬವನ್ನು ಆ ಬೆಟ್ಟದಿಂದ ಬಿಡಿಸಿ ಬೇರೆ ಕಡೆ ಇಡಲು ಬರುವುದಿಲ್ಲ. 2003ರಲ್ಲಿ ಜೋಗ ಬಂತು, ದೇಶದ ನಾಲ್ಕು ಜಲಪಾತಗಳಲ್ಲಿ ಒಂದಾಗಿ. 2008ರಲ್ಲಿ ಭಾರತದ ಹಬ್ಬಗಳೆಂದು ಮೂರು ತಿಕೀಟು ಬಂದವು: ಕೋಲ್ಕತ್ತೆಯ ದುರ್ಗಾಪೂಜೆ, ಮೈಸೂರಿನ ದಸರೆ, ಮತ್ತು ದೀಪಾವಳಿ. ಮೊದಲಿನ ಎರಡಕ್ಕೂ ಊರಿನ ಹೆಸರಿತ್ತು. ದೀಪಾವಳಿಗೆ ಮಾತ್ರ ಊರಿಲ್ಲ. ದೀಪಾವಳಿಗೊಂದು ಊರು ಬೇಕೆಂದು ಯಾರಾದರೂ ನನ್ನನ್ನು ಕೇಳಿದ್ದರೆ ಹಾವೇರಿ ಸೀಮೆಯ ಕಡೆ ಕೈ ತೋರಿಸುತ್ತಿದ್ದೆ. ಇಲ್ಲಿ ಹಟ್ಟಿಹಬ್ಬದ ಹೊತ್ತಿಗೆ ಹೋರಿಗಳ ಕೊರಳಿಗೆ ಒಣಕೊಬ್ಬರಿಯ ಸರ ಬೀಳುತ್ತವೆ, ಕೋಡಿಗೆ ಬಣ್ಣ, ಬೆನ್ನಿಗೆ ಜೂಲ. ಹೋರಿ ಓಡುವಾಗ ಕೊಬ್ಬರಿ ಹರಿಯಲು ಹುಡುಗರು ಮೈಮೇಲೆ ಬೀಳುತ್ತಾರೆ. ಹಿಂದಿನ ದಿನವೇ ಹೆಣ್ಣುಮಕ್ಕಳು ಸಗಣಿಯ ಪಾಂಡವರನ್ನು ಮಾಡಿ ಹೊಸ್ತಿಲಿಗೆ ಕೂರಿಸಿ, ಮೇಲೆ ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿರುತ್ತಾರೆ. ಹೆಬ್ಬೆರಳಿನಷ್ಟು ಎತ್ತರದ ಆ ಪಾಂಡವರ ಸಾಲು ತಿಕೀಟಿಗೆ ಅಳತೆ ಕೊಟ್ಟು ಮಾಡಿಸಿದಂತಿರುತ್ತದೆ.

ನಮ್ಮ ಸೀಮೆ ಡಬ್ಬಿಯಲ್ಲಿ ಇಲ್ಲವೆಂದಲ್ಲ. ಎರಡು ಕಡೆ ಇದೆ, ಎರಡೂ ಕಡೆ ಬೇರೆಯವರ ಮನೆಯಲ್ಲಿ. 1990ರಲ್ಲಿ ಕನಕದಾಸರ ತಿಕೀಟು ಬಂತು. ಕನಕದಾಸರು ಬಾಡದವರು, ಬಾಡ ಶಿಗ್ಗಾಂವಿ ತಾಲೂಕಿನ ಊರು, ನಮಗೆ ನೆರೆಯದು. ತಿಕೀಟಿನಲ್ಲಿ ದಾಸರ ಜೊತೆಗಿದ್ದದ್ದು ಉಡುಪಿಯ ಗುಡಿ. ಕನಕನ ಕಿಂಡಿಯ ಕಥೆ ಗೊತ್ತಿದ್ದವರಿಗೆ ಅದರಲ್ಲಿ ತಪ್ಪು ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಆದರೆ ದಾಸರು ಕಾಲಿಗೆ ಎರೆಮಣ್ಣು ಮೆತ್ತಿಕೊಂಡೇ ಉಡುಪಿಗೆ ನಡೆದರಲ್ಲವೆ? ಆ ಮಣ್ಣಿನದು ಒಂದು ಗೆರೆಯಾದರೂ ಹಿಂದೆ ಇರಬೇಕಾಗಿತ್ತು ಎಂದು ಹುಡುಗನಾಗಿದ್ದಾಗ ಅಪ್ಪನಿಗೆ ಹೇಳಿದೆ. ಅಪ್ಪ ಬಹಳ ಹೊತ್ತು ಆ ತಿಕೀಟು ನೋಡಿ, "ಕೃಷ್ಣ ತಿರುಗಿದ್ದು ಆ ಮಣ್ಣಿನ ಕಡೇಕ ಅಲ್ಲೇನು ತಮ್ಮಾ," ಎಂದರು. ಇನ್ನೊಂದು 2014ರದು. ಆ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಸಂಗೀತಗಾರರ ತಿಕೀಟು ಒಟ್ಟಿಗೆ ಬಂದವು. ಎಂಟರಲ್ಲಿ ನಾಲ್ವರು ನಮ್ಮ ಕಡೆಯ ಮಣ್ಣಿನವರು: ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ, ಕುಮಾರ ಗಂಧರ್ವ, ಗಂಗೂಬಾಯಿ ಹಾನಗಲ್. ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹೆಸರಿನ ತುದಿಗೆ ಮಾತ್ರ ಹಾನಗಲ್ಲನ್ನು ಕಡೆಯವರೆಗೂ ಕಟ್ಟಿಕೊಂಡಿದ್ದರು. ಹೀಗೆ ಹಾನಗಲ್ಲು ತಿಕೀಟಿಗೆ ಬಂದದ್ದು ಹೆಸರಾಗಿ. ತಾರಕೇಶ್ವರನ ಗುಡಿಯ ಆ ಮಾಳಿಗೆ, ಕಲ್ಲಿನಲ್ಲೇ ಬಿರಿದ ಆ ತಾವರೆ, ಚಿತ್ರವಾಗಿ ನನ್ನ ಡಬ್ಬಿಗೆ ಇನ್ನೂ ಬಂದಿಲ್ಲ.

ಹೊರಗಿನ ದೇಶಗಳಲ್ಲಿ ಹಬ್ಬದ ತಿಕೀಟು ಎಂಬುದೇ ಒಂದು ವಾಡಿಕೆ. 1898ರಲ್ಲೇ ಕೆನಡಾದವರು ಒಂದು ಭೂಪಟದ ತಿಕೀಟು ಹೊರಡಿಸಿ ಕೆಳಗೆ ಕ್ರಿಸ್‌ಮಸ್ 1898 ಎಂದು ಅಚ್ಚು ಹಾಕಿದರು. ಬ್ರಿಟನ್ನಿನಲ್ಲಿ ಮೊದಲ ಕ್ರಿಸ್‌ಮಸ್ ತಿಕೀಟು ಬಂದದ್ದು 1966ರಲ್ಲಿ, ಮಕ್ಕಳ ಕೈಯಿಂದ ಬರೆಸಿದ್ದು. ಅದರಲ್ಲೊಂದು, ಒಬ್ಬ ರಾಜನ ಚಿತ್ರ, ತಸ್ವೀರ್ ಶೆಮ್ಜಾ ಎಂಬ ಆರು ವರ್ಷದ ಹುಡುಗಿಯದು. ಆಕೆಯ ತಂದೆ ಪಾಕಿಸ್ತಾನದಿಂದ ಹೋಗಿ ಅಲ್ಲಿ ನೆಲೆಸಿದ ಚಿತ್ರಕಾರ. ಹೊಸ ಊರಿನ ಹಬ್ಬವನ್ನು ಹೊರಗಿನಿಂದ ಬಂದ ಮನೆಯ ಕೂಸು ಬರೆಯಿತು, ಆ ದೇಶ ಅದನ್ನು ನಾಲಗೆಯಿಂದ ತೋಯಿಸಿ ಕಾಗದಕ್ಕೆ ಅಂಟಿಸಿಕೊಂಡಿತು. ಇದನ್ನು ಓದಿದ ದಿನ ನನಗೆ ಬಹಳ ಸಂತೋಷವಾಯಿತು. ಅಮೆರಿಕದಲ್ಲಿ 2001ರಲ್ಲಿ ಈದಿನ ತಿಕೀಟು ಬಂತು, 2016ರಲ್ಲಿ ದೀಪಾವಳಿಯದು. ನ್ಯೂಜರ್ಸಿಯಲ್ಲಿರುವ ನನ್ನ ಗೆಳೆಯ ಆ ವರ್ಷ ಕಾಗದ ಬರೆದ, ತಿಕೀಟು ತೋರಿಸುವುದಕ್ಕೆಂದೇ ಬರೆದ ಕಾಗದ. ಹೊಂಬಣ್ಣದ ಹಿನ್ನೆಲೆಯಲ್ಲಿ ಉರಿಯುವ ಒಂದು ಹಣತೆ. ನಮ್ಮನೆ ಗೂಡಿನಾಗಿನ ದೀಪ ಇದು ಅಂತ ತಿಳಕೊಂಡು ಹಚ್ಚೀನಿ, ಎಂದು ಬರೆದಿದ್ದ. ಅವನ ಮನೆ ಸವಣೂರಿನ ಪೇಟೆಯಲ್ಲಿತ್ತು. ಗೂಡಿನ ಮೇಲೆ ಹೊಗೆಯ ಕಪ್ಪು ಎಷ್ಟು ಎತ್ತರಕ್ಕೆ ಹತ್ತಿತ್ತು ಎಂಬುದು ನನಗೂ ನೆನಪಿದೆ.

ಇಷ್ಟೆಲ್ಲ ಇದ್ದರೂ ನಮ್ಮೂರಿನ ತಿಕೀಟನ್ನು ನಾನೇ ಮಾಡಿಸಬೇಕು ಎಂಬ ಮನಸ್ಸು ಗಟ್ಟಿಯಾದದ್ದು 2023ರ ಮಳೆಗಾಲದಲ್ಲಿ. ಆ ಮಳೆಗೆ ಕಲ್ಮಠದ ಮೂರು ದೊಡ್ಡಹುಣಸೆಗಳಲ್ಲಿ ಒಂದು ಬೇರುಸಹಿತ ಉರುಳಿತು.

ಸವಣೂರನ್ನು ನೋಡದವರಿಗೆ ಆ ಮರಗಳ ವಿಷಯ ಹೇಳಬೇಕು. ಹೆಸರಿಗೆ ಹುಣಸೆ, ಜಾತಿಗೆ ಹುಣಸೆಯಲ್ಲ. ಆಫ್ರಿಕದ ಬಯಲಿನ ಮರ ಅದು, ಬಾವೊಬಾಬ್. ಶಾಸ್ತ್ರೀಯ ಹೆಸರು ಅಡನ್ಸೋನಿಯಾ ಡಿಜಿಟೇಟಾ. 1749ರಿಂದ ಐದು ವರ್ಷ ಸೆನೆಗಲ್ಲಿನಲ್ಲಿದ್ದು ಇಂಥ ಮರಗಳನ್ನು ಕಂಡು ಬರೆದ ಫ್ರೆಂಚ್ ಸಸ್ಯಶಾಸ್ತ್ರಿ ಮಿಶೆಲ್ ಅಡನ್ಸನ್ನನ ನೆನಪಿಗೆ ಮೊದಲ ಪದ, ಬೆರಳುಗಳಂತೆ ಹರಡಿದ ಎಲೆಯಿಂದ ಎರಡನೆಯದು. ನಮ್ಮವರಿಗೆ ಇದಾವುದೂ ಬೇಕಾಗಲಿಲ್ಲ. ಕಾಯಿ ಒಡೆದು ಬಾಯಿಗೆ ಹಾಕಿಕೊಂಡರು, ಹುಳಿ ಇತ್ತು, ಹುಣಸೆ ಎಂದರು. ಬುಡ ನೋಡಿದರು, ದೊಡ್ಡಹುಣಸೆ ಎಂದರು. ಮಠಕ್ಕೂ ಅದೇ ಹೆಸರು ಅಂಟಿತು. ಕೃಷ್ಣ ತಂದು ನೆಟ್ಟದ್ದೆಂದು ಹೇಳುವವರು ಊರಲ್ಲಿ ಇದ್ದಾರೆ. ಸಮುದ್ರ ದಾಟಿ ಮನುಷ್ಯರ ಕೈಯಲ್ಲೇ ಈ ಜಾತಿ ನಮ್ಮ ದೇಶಕ್ಕೆ ಬಂತು ಎಂದು ಶಾಸ್ತ್ರಜ್ಞರು ಹೇಳುತ್ತಾರೆ. ಎರಡೂ ಮಾತಿನಲ್ಲಿ ಯಾರೋ ಒಬ್ಬರು ಬೀಜವನ್ನು ಮಡಿಲಲ್ಲಿ ಕಟ್ಟಿಕೊಂಡು ದೂರದಿಂದ ಬಂದಿದ್ದಾರೆ. ನಾನು ಅಷ್ಟನ್ನು ನಂಬುತ್ತೇನೆ.

ಚಿಕ್ಕಂದಿನಲ್ಲಿ ನಾವು ಏಳೆಂಟು ಹುಡುಗರು ಕೈ ಕೈ ಹಿಡಿದು ಬುಡವನ್ನು ತಬ್ಬಲು ನೋಡುತ್ತಿದ್ದೆವು. ಕಡೆಯ ಹುಡುಗನಿಗೂ ಮೊದಲ ಹುಡುಗನಿಗೂ ನಡುವೆ ಇನ್ನೂ ಬಹಳ ಮರ ಉಳಿಯುತ್ತಿತ್ತು. ತೊಗಟೆ ನುಣುಪು, ಬೂದಿಬಣ್ಣ, ಅಲ್ಲಲ್ಲಿ ಮಡಿಕೆ. ಆನೆಯ ಮೊಣಕಾಲಿನ ಹತ್ತಿರ ನಿಂತಂತೆ. ಮೈತುಂಬ ನೀರು ತುಂಬಿಟ್ಟುಕೊಳ್ಳುವ ಮರ ಅದು, ಒಳಗಿನ ಕಟ್ಟಿಗೆ ಸ್ಪಂಜಿನಂತೆ. ಬೇಸಗೆಯಲ್ಲಿ ಎಲೆ ಉದುರಿದರೆ ಬೇರುಗಳನ್ನೇ ಆಕಾಶಕ್ಕೆ ಚಾಚಿದ ಹಾಗೆ ಕಾಣುತ್ತದೆ. ಮಳೆ ಬಿದ್ದರೆ ಒಮ್ಮೆಲೇ ಹಸಿರು. ಹೂವು ಬಿರಿಯುವುದು ಸಂಜೆ, ಉದ್ದ ತೊಟ್ಟಿಗೆ ತಲೆಕೆಳಗಾಗಿ ಜೋತುಬಿದ್ದ ಬಿಳಿಯ ದೊಡ್ಡ ಹೂವು. ಬಾವಲಿಗಳು ಬರುವ ಹೊತ್ತಿಗೆ ಸರಿಯಾಗಿ ತೆರೆಯುತ್ತದೆ, ಮರುದಿನಕ್ಕೆ ಬಾಡಿ ಕೆಳಗೆ. ಅದರ ವಾಸನೆ ಮೂಗಿಗೆ ಹಿತವಲ್ಲ. ಆದರೂ ಬಿದ್ದ ಹೂವನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರೆ ಅದರ ತೂಕಕ್ಕೆ ಮನಸ್ಸು ಸೋಲುತ್ತದೆ. ಮರದ ವಯಸ್ಸು ಕೇಳಿದರೆ ಊರವರು ಸಾವಿರಗಳಲ್ಲಿ ಹೇಳುತ್ತಾರೆ. ಬೇರೆ ಮರಗಳಂತೆ ಉಂಗುರ ಎಣಿಸಿ ಈ ಮರದ ವಯಸ್ಸು ಹೇಳುವುದು ಸುಲಭವಲ್ಲವಾದ್ದರಿಂದ ಆ ಮಾತಿಗೆ ಎದುರು ಮಾತಾಡುವವರು ಊರಲ್ಲಿ ಯಾರೂ ಇಲ್ಲ.

ಅಂಥ ಮರ ಮಲಗಿತ್ತು. ನಾನು ಸುದ್ದಿ ಕೇಳಿ ಹೋದಾಗ ಬೇರು ಮೇಲಾಗಿ, ಮಣ್ಣು ಇನ್ನೂ ಹಸಿಯಾಗಿತ್ತು. ಸುತ್ತ ನಿಂತವರು ಸಾವಿನ ಮನೆಯ ಹಾಗೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಆಮೇಲೆ ಯಂತ್ರಗಳನ್ನು ತಂದು ಮರವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅದನ್ನು ನೋಡಲು ಊರೇ ನೆರೆಯಿತು. ಮನೆಗೆ ಬಂದು ನಾನು ಮರದ ಒಂದು ಫೋಟೋ ಹುಡುಕಿದೆ. ನಮ್ಮ ಮದುವೆಯ ಫೋಟೋ ಇದ್ದವು, ತಾಜಮಹಲಿನ ಎದುರು ನಿಂತ ಫೋಟೋ ಇತ್ತು, ಗೋಳಗುಮ್ಮಟದ ಮುಂದೆ ಶಾಲೆಯ ಪ್ರವಾಸದ ಫೋಟೋ ಇತ್ತು. ದೊಡ್ಡಹುಣಸೆಯದು ಒಂದೂ ಇರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಮರ, ಇವತ್ತಲ್ಲ ನಾಳೆ ತೆಗೆದರಾಯಿತು ಎಂದು ಯಾರೂ ತೆಗೆದಿರಲಿಲ್ಲ.

ಅಂಚೆ ಇಲಾಖೆಯಲ್ಲಿ ಮೈ ಸ್ಟಾಂಪ್ ಎಂಬ ಒಂದು ಯೋಜನೆ ಇದೆ, 2011ರಿಂದ ಇದೆ. ನಾವು ಕೊಟ್ಟ ಚಿತ್ರವನ್ನು ತಿಕೀಟಿನ ಮಗ್ಗುಲಿಗೆ ಅಚ್ಚು ಹಾಕಿ ಹನ್ನೆರಡು ತಿಕೀಟಿನ ಒಂದು ಹಾಳೆ ಕೊಡುತ್ತಾರೆ. ಹಾಳೆಗೆ 300 ರೂಪಾಯಿ, ಒಂದೊಂದು ತಿಕೀಟೂ ಐದು ರೂಪಾಯಿಯದಾಗಿ ನಡೆಯುತ್ತದೆ. ಇದರಲ್ಲಿ ಜನ ಹೆಚ್ಚಾಗಿ ಮಕ್ಕಳ ಮುಖ, ಮದುಮಕ್ಕಳ ಜೋಡಿ ಹಾಕಿಸಿಕೊಳ್ಳುತ್ತಾರೆ. ನಾನು ಮರ ಹಾಕಿಸುವುದೆಂದು ಗಟ್ಟಿ ಮಾಡಿದೆ. ಇದು ಸರಕಾರ ಹೊರಡಿಸುವ ಸ್ಮರಣೆಯ ತಿಕೀಟಿಗೆ ಸಮವಲ್ಲ ಎಂದು ನನಗೆ ಗೊತ್ತಿದೆ. ದೇಶದ ತುಂಬ ಅಂಚೆ ಕಚೇರಿಗಳಲ್ಲಿ ಅದು ಮಾರಾಟವಾಗುವುದಿಲ್ಲ. ಆದರೆ ಪಾಕೀಟಿನ ಮೇಲೆ ಕೂತು ಸೊಲ್ಲಾಪುರಕ್ಕೆ ಹೋಗುತ್ತದೆ. ನನಗೆ ಬೇಕಾದದ್ದು ಅಷ್ಟೇ.

ಮರುವರ್ಷದ ದಸರೆಗೆ ಮುಂಚೆ ಫೋಟೋ ತೆಗೆಯಲು ಹೋದೆವು. ಎಲೆ ತುಂಬಿದ ಕಾಲ. ಅವ್ವನೂ ಬರುತ್ತೇನೆಂದು ಹೊರಟಳು. ಎಂಬತ್ತು ದಾಟಿದವಳು, ಕೈಯಲ್ಲಿ ಕೋಲು. ನಾನು ಹಿಂದೆ ಹಿಂದೆ ಸರಿದು, ಇಡೀ ಮರ ಹಿಡಿಸುವ ಹಾಗೆ ನಾಲ್ಕಾರು ಫೋಟೋ ತೆಗೆದು ಮೊಬೈಲಿನಲ್ಲಿ ತಿಕೀಟಿನಷ್ಟು ಸಣ್ಣದು ಮಾಡಿ ನೋಡಿದೆ. ಮರ ಮರದಂತೆ ಕಂಡಿತು, ಬೆಳೆದ ಯಾವ ಮರವೂ ಆಗಬಹುದಾದ ಮರ. ಅದರ ದೊಡ್ಡತನವೆಲ್ಲ ಎಲ್ಲಿಯೋ ಸೋರಿಹೋಗಿತ್ತು. ಬುಡವನ್ನಷ್ಟೇ ತೆಗೆದರೆ ಬೂದಿಬಣ್ಣದ ಗೋಡೆ. ಎರಡು ಮರ ಸೇರಿಸಿದರೆ ಎರಡೂ ಸಣ್ಣವು. ಬಿಸಿಲು ಏರುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ಅವ್ವ ನನ್ನ ಪರದಾಟ ನೋಡಿ ಎದ್ದಳು.

"ಮನಿಷ್ಯಾರು ಬಾಜೂಕ ಇಲ್ಲಂದ್ರ ಮರ ಎಷ್ಟ ದೊಡ್ಡದೈತಿ ಅಂತ ನೋಡಿದವರಿಗೆ ಹ್ಯಾಂಗ ತಿಳೀಬೇಕು?" ಎಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಕೋಲು ಊರುತ್ತ ಹೋಗಿ ಬುಡಕ್ಕೆ ಬೆನ್ನು ಹಚ್ಚಿ ನಿಂತಳು. ನೀಲಿ ಇಳಕಲ್ ಸೀರೆ. ನಾನು ಇನ್ನಷ್ಟು ಹಿಂದೆ ಸರಿದೆ. ಈ ಸಲ ತಿಕೀಟಿನಷ್ಟು ಸಣ್ಣದು ಮಾಡಿದಾಗ ಮರ ದೊಡ್ಡದಾಯಿತು. ಅವ್ವ ಅದರ ಕಾಲಬುಡದಲ್ಲಿ ಒಂದು ಅಕ್ಕಿಕಾಳಿನಷ್ಟು ಎತ್ತರ, ನೀಲಿ ಬಣ್ಣದ ಅಕ್ಕಿಕಾಳು.

ಹಾಳೆ ಅಚ್ಚಾಗಿ ಬಂದ ದಿನ ಮನೆಯಲ್ಲಿ ಹಬ್ಬವೇ. ಅವ್ವ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಏರಿಸಿದಳು, ಹಾಳೆಯ ಅಂಚಿಗೆ, ತಿಕೀಟಿಗೆ ತಗಲದ ಹಾಗೆ. ಹನ್ನೆರಡು ತಿಕೀಟು, ಯಾರು ಯಾರಿಗೆ ಎಂದು ಒಂದು ವಾರ ಚರ್ಚೆ ನಡೆಯಿತು. ಮೊದಲನೆಯದು ಬನ್ನಿಯ ಜೊತೆ ಅತ್ತೆಗೆ ಹೋಗಬೇಕೆಂದು ನಾನು, ಬೇಡ, ಅದಕ್ಕೆ ಎಳ್ಳಿನದೇ ಸರಿ ಎಂದು ಅವ್ವ. ಬನ್ನಿಗೆ ಹಣ್ಣಾದ ಕಣ್ಣು ಸಾಕಾಗುತ್ತದೆ, ಸಂಕ್ರಾಂತಿಯ ಹೊತ್ತಿಗೆ ಅತ್ತೆಯ ಕಣ್ಣಿನ ಪೊರೆ ತೆಗೆಸುವುದಿತ್ತು. ತಿಕೀಟು ನೋಡುವುದಾದರೆ ಚೆಂದಾಗಿ ನೋಡಲಿ ಎಂಬುದು ಅವಳ ವಿಚಾರ. ಹಾಗಾಗಿ ದೀಪಾವಳಿಗೆ ಒಂದು ನ್ಯೂಜರ್ಸಿಗೆ ಹೋಯಿತು, ಪಕ್ಕದಲ್ಲಿ ಹೊರದೇಶದ ದರ ತುಂಬಲು ಬೇರೆ ತಿಕೀಟುಗಳ ಸಾಲು ಅಂಟಿಸಿಕೊಂಡು. ಒಂದು ಬೆಂಗಳೂರಿನ ತಂಗಿಗೆ. ಒಂದನ್ನು ಅಪ್ಪನ ಜೊತೆ ಮಾಸ್ತರಿಕೆ ಮಾಡಿದ, ಈಗ ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿರುವ ಹಿರಿಯರಿಗೆ ರಮ್ಜಾನಿನ ಹೊತ್ತಿಗೆ ಕಳಿಸಲೆಂದು ತೆಗೆದಿಟ್ಟೆವು. ಅಪ್ಪ ಇದ್ದಿದ್ದರೆ ಅವರ ಹೆಸರನ್ನೇ ಮೊದಲು ಹೇಳುತ್ತಿದ್ದರು.

ಸಂಕ್ರಾಂತಿಗೆ ಅವ್ವ ಎರಡು ದಿನ ತಾಟಿನ ಮುಂದೆ ಕೂತಳು. ಬೆರಳು ಮೊದಲಿನಂತೆ ಆಡುತ್ತಿರಲಿಲ್ಲ. ಪಾಕ ಬಿಡುವುದು ನಾನು, ಆಡಿಸುವುದು ಅವಳು. ಮುಳ್ಳು ಎದ್ದವು. ಪೊಟ್ಟಣವನ್ನು ಎಡಗಡೆಯ ಕೆಳಗಿನ ಮೂಲೆಗೆ ಅಂಟಿಸಿದೆವು, ದೊಡ್ಡಹುಣಸೆಯನ್ನು ಬಲಗಡೆಯ ಮೇಲಿನ ಮೂಲೆಗೆ. ನಾಲ್ಕೂ ಮೂಲೆಗೆ ಅರಿಷಿಣ. ಕಿಂಡಿಯಲ್ಲಿ ಕೊಟ್ಟು ನಿಂತೆ. ಒಳಗಿದ್ದವರು ಪಾಕೀಟನ್ನು ಕೈಯಲ್ಲಿ ಹಿಡಿದು, ತಿಕೀಟನ್ನು ಕಣ್ಣ ಹತ್ತಿರ ತಂದು, "ನಮ್ಮ ಮಠದ್ದರೀ ಇದು!" ಎಂದರು. ಆಮೇಲೆ ಠಸ್ಸೆಯನ್ನು ಎತ್ತಿ, ಒಂದು ಕ್ಷಣ ತಡೆದು, ಗುದ್ದದೆ ಮೆಲ್ಲಗೆ ಒತ್ತಿದರು. ಕಪ್ಪು ದುಂಡಿನ ಅಂಚು ಕೊಂಬೆಗಳ ಮೇಲೆ ಹಾದುಹೋಯಿತು, ಬುಡಕ್ಕೆ ತಾಗಲಿಲ್ಲ. ಸವಣೂರು ಎಂಬುದು ಅಷ್ಟೂ ಅಕ್ಷರ ಮೂಡಿತ್ತು.

ಆರನೆಯ ದಿನ ಸಂಜೆ ಸೊಲ್ಲಾಪುರದಿಂದ ಫೋನು ಬಂತು. ಸ್ಪೀಕರ್ ಹಚ್ಚಿ ಅವ್ವನ ಮುಂದೆ ಹಿಡಿದೆ.

"ವೈನಿ, ಟಪಾಲ ಬಂತು," ಅತ್ತೆಯ ದನಿ. "ಮಮ್ಮಗಳು ಭೂತಗನ್ನಡಿ ಕೊಟ್ಟಾಳ, ಹಿಡಕೊಂಡು ಕುಂತೀನಿ. ದೊಡ್ಡಹುಣಸಿ ಹೌದಲ್ಲ? ಬುಡಕ್ಕ ಏನೋ ನೀಲಿ ಚುಕ್ಕಿ ಕಾಣತೈತಿ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದಳು.

"ಆ ಸೀರಿ ನಾ ಕೊಟ್ಟದ್ದು," ಎಂದಳು ಅತ್ತೆ.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವ್ವ ಕೇಳಿದಳು, "ಎಳ್ಳು ಹ್ಯಾಂಗ ಮುಟ್ಟಿದುವು?"

"ತಡಿ, ಇನ್ನೂ ಬಿಚ್ಚಿಲ್ಲ," ಎಂದಳು ಅತ್ತೆ. ಕಾಗದ ಹರಿಯುವ ಸದ್ದು ಫೋನಿನಲ್ಲಿ ಕೇಳಿಸಿತು.